ಗೋಡೆಗೆ ಹೊಡೆದ ಕೂರಿಗೆ

ಹಳೇ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ, ತಕ್ಕಡಿಯ ಪಕ್ಕಕ್ಕೆ, ದಾರಕ್ಕೆ ಕಟ್ಟಿದ ಅಯಸ್ಕಾಂತದ ತುಂಡೊಂದು ಸದಾ ಜೋತಾಡುತ್ತಿರುತ್ತದೆ. ಬಂದ ಸಾಮಾನಿಗೆಲ್ಲ ಅಂಗಡಿಯವರು ಮೊದಲು ಅದನ್ನು ತಾಗಿಸಿ ನೋಡುತ್ತಾರೆ. ಅಂಟಿದರೆ ಕಬ್ಬಿಣದ ರಾಶಿಗೆ. ಅಂಟದಿದ್ದರೆ ಒಂದು ಕ್ಷಣ ತಡೆದು, ಕೈಯಲ್ಲಿ ತೂಗಿ, ಉಗುರಿನಿಂದ ಗೀರಿ, ಪಿತ್ತಾಳೆಯೋ ಅಲ್ಯುಮಿನಿಯಮ್ಮೋ ಎಂದು ತೀರ್ಮಾನಿಸುತ್ತಾರೆ. ಮೂರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಾನು ಅಲ್ಲಿ ಹಳೆಯ ಬಿಜಾಗರಿಗಳನ್ನು ಹುಡುಕುತ್ತಿದ್ದಾಗ ಕೈಗಾಡಿಯಿಂದ ಒಂದು ಗೋಣಿಚೀಲ ಇಳಿಯಿತು. ಚೀಲದ ತುಂಬ ಬಹುಮಾನದ ಕಪ್ಪುಗಳು, ಶೀಲ್ಡುಗಳು, ರೆಕ್ಕೆ ಮುರಿದ ಗೊಂಬೆಗಳು, ಬ್ಯಾಟು ಎತ್ತಿ ನಿಂತ ಬಂಗಾರದ ಬಣ್ಣದ ಪುಟ್ಟ ಮನುಷ್ಯರು. ಅಂಗಡಿಯವರು ಅಯಸ್ಕಾಂತ ತಾಗಿಸಿದರು, ಗೀರಿದರು, ಮುಖ ಸಿಂಡರಿಸಿದರು. “ಇದು ಪಿತ್ತಾಳಿ ಅಲ್ರಿ ಸರ, ಬರೇ ಬಣ್ಣ. ಕೆಳಗ ಕಲ್ಲು ಬ್ಯಾರೆ ಹಚ್ಯಾರ, ತೂಕ ಸುಳ್ಳ ಬರತೈತಿ” ಎಂದರು.

ತೂಕ ಸುಳ್ಳು ಬರುತ್ತದೆ ಎಂಬ ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಯಾರಿಗೂ ಬೇಡವಾದ ಆ ಚೀಲವನ್ನು ನಾನೇ ಕೊಂಡು ಧಾರವಾಡಕ್ಕೆ ತಂದೆ. ಬಹಳ ವರ್ಷ ಚಿತ್ರಕಲಾ ಮಾಸ್ತರನಾಗಿದ್ದು ನಿವೃತ್ತನಾದವನಿಗೆ ಮನೆಯ ಹಿತ್ತಿಲಿನ ಪತ್ರಾಸ್ ಶೆಡ್ಡೇ ಸ್ಟುಡಿಯೋ. ಅಲ್ಲಿ ಕುಳಿತು ಕಪ್ಪುಗಳನ್ನು ಒಂದೊಂದಾಗಿ ಬಿಚ್ಚಿದೆ. ಕಲ್ಲಿನ ಪೀಠ, ನಡುವೆ ಒಂದು ಉದ್ದನೆಯ ಬೋಲ್ಟು, ಅದರ ಮೇಲೆ ಪೋಣಿಸಿದ ಪ್ಲಾಸ್ಟಿಕ್ಕಿನ ಕಂಬ, ತುದಿಗೆ ತಗಡಿನ ಬಟ್ಟಲು. ಬೋಲ್ಟು ಸಡಿಲಿಸಿದರೆ ಇಡೀ ವಿಜಯ ಐದು ತುಂಡಾಗಿ ಮೇಜಿನ ಮೇಲೆ ಉರುಳುತ್ತದೆ. ಬಟ್ಟಲಿನಲ್ಲಿ ನೀರು ಹಾಕಿದರೆ ಸೋರುತ್ತದೆ. ಕುಡಿಯುವ ಪಾತ್ರೆಯ ಆಕಾರವಿದ್ದೂ ಕುಡಿಯಲು ಬಾರದ, ಗುರಾಣಿಯ ಆಕಾರವಿದ್ದೂ ಏಟು ತಡೆಯದ ವಸ್ತುಗಳು ಇವು. ಮಕ್ಕಳ ಕೈಗೆ ಇಂಥವನ್ನು ಎಷ್ಟೋ ಜನವರಿ ತಿಂಗಳುಗಳಲ್ಲಿ ನಾನೇ ಎತ್ತಿ ಕೊಟ್ಟಿದ್ದೇನೆ. ಅವುಗಳ ಬೋಲ್ಟನ್ನು ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಕಡೆ ಆ ಕಾರ್ಯಕ್ರಮಕ್ಕೆ ಪಾರಿತೋಷಕ ವಿತರಣೆ ಎನ್ನುತ್ತಾರೆ. ಪಾರಿತೋಷಕವೆಂದರೆ ಸಂತೋಷಪಡಿಸುವಂಥದ್ದು, ಬಹುಮಾನವೆಂದರೆ ಹೆಚ್ಚಿನ ಮನ್ನಣೆ. ಎರಡೂ ಶಬ್ದಗಳಲ್ಲಿ ಸೋತವನ ಸುಳಿವಿಲ್ಲ. ಟ್ರೋಫಿ ಎಂಬ ಶಬ್ದದ ಹುಟ್ಟು ಬೇರೆ. ಅದು ಗ್ರೀಕರ ‘ಟ್ರೋಪಯಾನ್’ನಿಂದ ಬಂದದ್ದು, ಅದರ ಮೂಲದಲ್ಲಿರುವ ಶಬ್ದಕ್ಕೆ ತಿರುಗುವುದು ಎಂಬ ಅರ್ಥ. ಯುದ್ಧದಲ್ಲಿ ಶತ್ರು ಬೆನ್ನು ತಿರುಗಿಸಿ ಓಡಿದ ಜಾಗದಲ್ಲಿ ಗೆದ್ದವರು ಒಂದು ಮರದ ಕಂಬ ನೆಟ್ಟು, ಸತ್ತವರ ಮತ್ತು ಸೆರೆಸಿಕ್ಕವರ ಶಿರಸ್ತ್ರಾಣ, ಎದೆಕವಚ, ಗುರಾಣಿ, ಈಟಿಗಳನ್ನು ಅದಕ್ಕೆ ತೊಡಿಸುತ್ತಿದ್ದರು. ದೂರದಿಂದ ನೋಡಿದರೆ ಮನುಷ್ಯ ನಿಂತಂತೆ. ಹತ್ತಿರ ಹೋದರೆ ಒಳಗೆ ಯಾರೂ ಇಲ್ಲ. ಕಲಾಶಾಲೆಗಳಲ್ಲಿ ಸಿಕ್ಕ ವಸ್ತುಗಳಿಂದ ಶಿಲ್ಪ ಕಟ್ಟುವ ರೂಢಿಯ ಕಥೆಯನ್ನು 1913ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ ಒಂದು ಸೈಕಲ್ ಚಕ್ರವನ್ನು ಸ್ಟೂಲಿನ ಮೇಲೆ ನಿಲ್ಲಿಸಿದ್ದರಿಂದ ಶುರುಮಾಡುತ್ತಾರೆ. ನಾನೂ ಹಾಗೆಯೇ ಪಾಠ ಮಾಡಿದವನು. ಈಗ ಅನಿಸುತ್ತದೆ, ಆ ಸಾಲಿನ ಮೊದಲ ಕೆಲಸಗಳಲ್ಲಿ ರಣರಂಗದ ಈ ಕಂಬವನ್ನೂ ಸೇರಿಸಬೇಕು. ನಮ್ಮ ಶಾಲೆಯ ಶೀಲ್ಡು ಆ ಕಂಬದಿಂದ ಕಳಚಿ ಬಿದ್ದ ಗುರಾಣಿಯ ದೂರದ ನೆಂಟನೇ ಇರಬೇಕು.

ಗ್ರೀಕರಲ್ಲಿ ಒಂದು ವಿವೇಕವಿತ್ತು. ಕಂಬ ಮರದ್ದೇ ಆಗಿರಬೇಕು, ಅದು ಜೀರ್ಣವಾದರೆ ರಿಪೇರಿ ಮಾಡಬಾರದು. ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಇದನ್ನು ಚರ್ಚಿಸುತ್ತ, ಕಲ್ಲಿನಲ್ಲಿ ಮತ್ತು ಕಂಚಿನಲ್ಲಿ ಮೊದಲು ವಿಜಯಸ್ತಂಭ ನಿಲ್ಲಿಸಿದವರ ಬಗ್ಗೆ ಗ್ರೀಕರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ ಎಂದು ಬರೆಯುತ್ತಾನೆ. ಮರ ಕೊಳೆಯುವಷ್ಟು ಕಾಲದಲ್ಲಿ ಹಗೆಯೂ ಕೊಳೆಯಲಿ ಎಂಬ ಲೆಕ್ಕ. ಮುಂದೆ ಬಂದ ಸಾಮ್ರಾಜ್ಯಗಳು ಈ ಲೆಕ್ಕವನ್ನು ಒಪ್ಪಲಿಲ್ಲ.

ಒಪ್ಪದವರು ಏನು ಮಾಡಿದರೆಂಬುದಕ್ಕೆ ನಮ್ಮ ನಾಡಿನ ಸಾಕ್ಷಿಯೇ ಸಾಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯನ್ನು ಹಂಚಲೆಂದೇ ಪ್ರೈಜ್ ಏಜೆಂಟರೆಂಬ ಅಧಿಕಾರಿಗಳಿದ್ದರು. ಲೂಟಿ ಎಂಬ ನಮ್ಮ ಮಾತೇ ಇಂಗ್ಲಿಷಿಗೆ ಹೋಗಿ ಅವರ ನಿಘಂಟು ಸೇರಿದೆ, ಶಬ್ದವನ್ನೂ ಬಿಡಲಿಲ್ಲ. ಬಂಗಾರದ ತಗಡು ಹೊದಿಸಿದ್ದ ಟಿಪ್ಪುವಿನ ಸಿಂಹಾಸನವನ್ನು ಅವರು ಒಡೆದು ಪಾಲು ಮಾಡಿದರು. ಅದರ ಹುಲಿಯ ತಲೆಯೂ ಮೇಲ್ಭಾಗದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹಕ್ಕೆ ಹೋದವು. ಅಂಚಿನ ಪುಟ್ಟ ಹುಲಿತಲೆಗಳು ಚೆದುರಿದವು, ಒಂದು ಇಂದಿಗೂ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಗುಜರಿ ಅಂಗಡಿಯಲ್ಲಿ ನಿಂತು ಯೋಚಿಸಿದರೆ, ಇದು ಅಂಗಡಿಯವರು ದಿನಾಲೂ ಮಾಡುವ ಕೆಲಸವೇ. ಒಡೆಯುವುದು, ಲೋಹ ಬೇರೆ ಮಾಡುವುದು, ತೂಗುವುದು. ವ್ಯತ್ಯಾಸ ಇಷ್ಟೇ, ಗುಜರಿಯವರು ಸಾಮಾನನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಆ ಗೆಲುವಿನ ನೆನಪಿಗೆ ಒಂದು ಪದಕವನ್ನೂ ಹೊಡೆಸಿದರು. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದ ಚಿತ್ರ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ ಬೇರೆ. ದೊಡ್ಡವರಿಗೆ ಬಂಗಾರ, ಅವರ ಕೆಳಗಿನವರಿಗೆ ಬಂಗಾರದ ನೀರು ಕುಡಿಸಿದ ಬೆಳ್ಳಿ, ಅವರ ಕೆಳಗೆ ಬರೀ ಬೆಳ್ಳಿ, ಆಮೇಲೆ ಕಂಚು, ಕೊನೆಗೆ ಸಾಮಾನ್ಯ ಸೈನಿಕರಿಗೂ ಸಿಪಾಯಿಗಳಿಗೂ ತವರದ ಮಿಶ್ರಲೋಹ. ಒಂದೇ ಗೋಡೆ ಹತ್ತಿದವರ ಗೆಲುವಿಗೆ ಐದು ಬೆಲೆ. ಕಲೆಯಲ್ಲಿ ಮೌಲ್ಯವೆಂದರೇನು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಬಹಳ ವರ್ಷ ಏನೇನೋ ಹೇಳುತ್ತಿದ್ದೆ. ಈ ಪದಕದ ಕಥೆ ಆಗ ಹೊಳೆಯಲಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಅದೇ ಲೂಟಿಯಲ್ಲಿ ಸಿಕ್ಕ ಮರದ ಹುಲಿಯ ಹಣೆಬರಹ ಇನ್ನೂ ವಿಚಿತ್ರ. ಬಿಳಿ ಸೈನಿಕನ ಮೇಲೆ ಎರಗಿದ ಆ ಹುಲಿಯ ಹೊಟ್ಟೆಯಲ್ಲಿ ಒಂದು ಆರ್ಗನ್ ವಾದ್ಯವಿದೆ. ಹಿಡಿಕೆ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ. ಟಿಪ್ಪುವಿಗೆ ಅದು ತನ್ನ ಗೆಲುವಿನ ಕನಸು. ಲಂಡನ್ನಿನಲ್ಲಿ 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತ ಕುಳಿತವರಿಗೆ ತಲೆನೋವಾಗಿತ್ತಂತೆ. ಅದೀಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ವಸ್ತುವಿನ ಒಂದು ಮೊಳೆಯನ್ನೂ ಬದಲಿಸದೆ ಅದರ ಅರ್ಥವನ್ನು ಪೂರ್ತಿ ತಿರುಗುಮುರುಗು ಮಾಡಲು ಜಾಗ ಬದಲಿಸಿದರೆ ಸಾಕು. ಇದು ನಮ್ಮಂಥ ಶಿಲ್ಪಿಗಳ ಕಸುಬಿನ ಗುಟ್ಟು ಕೂಡ ಹೌದು ಎಂಬುದು ನನ್ನನ್ನು ಕಾಡುತ್ತದೆ.

ಕೊಹಿನೂರಿನ ವಿಷಯದಲ್ಲಿ ಜಾಗ ಬದಲಿಸಿದ್ದೂ ಸಾಲಲಿಲ್ಲ. 1849ರಲ್ಲಿ ಪಂಜಾಬನ್ನು ನುಂಗಿದಾಗ ಹತ್ತು ವರ್ಷದ ಬಾಲರಾಜ ದುಲೀಪ್ ಸಿಂಗನಿಂದ ಒಪ್ಪಂದದ ಮೂಲಕ ಅದನ್ನು ಪಡೆದರು. 1851ರ ಲಂಡನ್ ಪ್ರದರ್ಶನದಲ್ಲಿಟ್ಟರೆ ಜನಕ್ಕೆ ಹೊಳಪು ಸಾಲದಾಯಿತು. 1852ರಲ್ಲಿ ಅದನ್ನು ಮತ್ತೆ ಕೊರೆದು 186 ಕ್ಯಾರಟ್ಟಿನ ಕಲ್ಲನ್ನು 105.6ಕ್ಕೆ ಇಳಿಸಿದರು. ಅದು ನಾಳೆ ವಾಪಸು ಬಂದರೂ ಹೋದ ಕಲ್ಲು ಬರುವುದಿಲ್ಲ. ವಸ್ತು ತಾನು ಇದ್ದಲ್ಲಿಗೆ, ತನ್ನ ಹಳೆಯ ಕೆಲಸಕ್ಕೆ ಮತ್ತೆ ಹೋಗದಂತೆ ಮಾಡುವುದರಲ್ಲೇ ಗೆದ್ದವನ ಸಮಾಧಾನ ಇರುತ್ತದೆಂದು ನನಗೆ ಅನಿಸತೊಡಗಿದ್ದು ಈ ಲೆಕ್ಕ ಓದಿದಾಗ.

ಇಷ್ಟೆಲ್ಲ ದೂರ ಹೋಗಬೇಕಾಗಿಯೂ ಇಲ್ಲ. ಹುಬ್ಬಳ್ಳಿಯಲ್ಲಿ ಬಸ್ಸಿಗೆ ಕಾಯುವವರೆಲ್ಲ ಕುದುರೆಯ ಮೇಲೆ ಕತ್ತಿ ಹಿರಿದ ಚೆನ್ನಮ್ಮನನ್ನು ನೋಡಿಯೇ ಇರುತ್ತಾರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ದಿನ, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು, ಭಂಡಾರ ಕಂಪನಿಯ ಪಾಲಾಯಿತು, ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಇದೆಲ್ಲ ನಮ್ಮ ಮಕ್ಕಳಿಗೂ ಗೊತ್ತು. ಬಿಡುಗಡೆಯಾದ ಎಲಿಯಟ್ ಮುಂದೇನಾದ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಆತ ನಮ್ಮ ಸೀಮೆಯ ಊರೂರು ತಿರುಗಿ ಶಾಸನಗಳ ಪ್ರತಿ ಮಾಡಿಸಿದ. ಅವನ ಸಂಗ್ರಹದಲ್ಲಿ 595 ಶಾಸನಗಳ ನಕಲುಗಳಿದ್ದವು. ಕನ್ನಡ ಶಾಸನಗಳ ಅಧ್ಯಯನಕ್ಕೆ ಅದೊಂದು ದೊಡ್ಡ ಉಪಕಾರ. ಇದೇ ಮನುಷ್ಯ 1845ರಲ್ಲಿ ಆಂಧ್ರದ ಅಮರಾವತಿಯಲ್ಲಿ ಬೌದ್ಧ ಸ್ತೂಪವನ್ನು ಅಗೆಸಿದ; ಆ ಶಿಲ್ಪಗಳು ಮದರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಲಂಡನ್ ಸೇರಿದವು, ಬಹಳ ಕಾಲ ‘ಎಲಿಯಟ್ ಮಾರ್ಬಲ್ಸ್’ ಎಂದೇ ಕರೆಸಿಕೊಂಡವು. ಕೆತ್ತಿದವರ ಹೆಸರಿಲ್ಲ, ಊರಿನ ಹೆಸರೂ ಇಲ್ಲ, ಅಗೆಸಿದವನ ಹೆಸರು.

ಎಲಿಯಟ್‌ನನ್ನು ಬೈಯುವುದು ನನಗೆ ಸುಲಭವಾಗುವುದಿಲ್ಲ. ಶಾಸನದ ವಿಷಯದಲ್ಲಿ ಆತ ಪ್ರತಿ ಮಾಡಿಕೊಂಡು ಕಲ್ಲನ್ನು ಊರಲ್ಲೇ ಬಿಟ್ಟ; ಸ್ತೂಪದ ವಿಷಯದಲ್ಲಿ ಕಲ್ಲನ್ನೇ ಒಯ್ಯಲಾಯಿತು. ಒಬ್ಬನೇ ಮನುಷ್ಯನ ಎರಡು ಕೈ. ಗುಜರಿಗೆ ಹೋಗಿ ಬರುವಾಗ ನನ್ನ ಯಾವ ಕೈ ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳುವುದನ್ನು ಅವನಿಂದ ಕಲಿತೆ.

ವಿಜಯವೆಂದರೆ ಕತ್ತಿ, ಕೋಟೆ, ಸಿಂಹಾಸನ ಮಾತ್ರವೆಂದುಕೊಂಡಿದ್ದ ನನ್ನ ತಿಳಿವಳಿಕೆಯನ್ನು ತಿದ್ದಿದ್ದು ಗದಗಿನಲ್ಲಿ ಸಿಕ್ಕ ಒಂದು ಕಬ್ಬಿಣದ ತಟ್ಟೆ. ಸುತ್ತ ಹಲ್ಲುಗಳಿದ್ದ, ನಡುವೆ ತೂತಿದ್ದ ಗರಗಸದ ತಟ್ಟೆ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನದು. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಧಾರವಾಡ ಸೀಮೆಯಲ್ಲಿ ಬೆಳೆಸಲು ಕಂಪನಿ ಸರಕಾರ ಶ್ರಮಪಟ್ಟಿತು, ಮುಂದೆ ಆ ಹತ್ತಿಗೆ ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ಬಂದಿತು. ಅದರ ಕಾಳು ಅರಳೆಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಹಾಗಾಗಿ ಬೀಜದ ಹಿಂದೆ ಗರಗಸದ ಜಿನ್ನೂ ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ನಮ್ಮ ಕಪ್ಪು ಮಣ್ಣಿನ ಕಡೆ ತಿರುಗಿದವು, ದರ ಆಕಾಶಕ್ಕೇರಿತು; ಯುದ್ಧ ಮುಗಿದೊಡನೆ ಇಳಿಯಿತು. ಇಲ್ಲಿ ಯಾರೂ ಯಾರ ತಲೆ ಕಡಿಯಲಿಲ್ಲ. ಆದರೆ ನವಲಗುಂದದ, ಗದಗಿನ ಹೊಲದಲ್ಲಿ ಯಾವ ಬೀಜ ಬೀಳಬೇಕು, ಅರಳೆಯ ಎಳೆ ಎಷ್ಟುದ್ದ ಇರಬೇಕು ಎಂಬುದು ಬೇರೆಲ್ಲೋ ತೀರ್ಮಾನವಾಗತೊಡಗಿತು. ಕೋಟೆ ಬಿದ್ದದ್ದಕ್ಕಿಂತ ಇದು ಹೆಚ್ಚು ಕಾಲ ಬಾಳಿದ ಗೆಲುವು, ಮತ್ತು ಇದಕ್ಕೆ ಪದಕ ಹೊಡೆಸಿದವರಿಲ್ಲ.

ಆ ತಟ್ಟೆಗೆ ನಾನು ಕೆಂಪು ರೇಷ್ಮೆಯ ಪಟ್ಟಿ ಪೋಣಿಸಿ ಪದಕದಂತೆ ತೂಗುಹಾಕಿದೆ. ಬೇರೇನೂ ಮಾಡಲಿಲ್ಲ. ಕೊರಳಿಗೆ ಹಾಕಿಕೊಂಡರೆ ಹಲ್ಲುಗಳು ಎದೆಗೆ ತಾಗುತ್ತವೆ. ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಅದು. ನೋಡಿದವರು ಹೆಚ್ಚಾಗಿ ಮಾತಾಡದೆ ಮುಂದೆ ಹೋಗಿದ್ದಾರೆ.

ವಿಜಯದ ಗುರುತುಗಳೆಲ್ಲ ಬಿಳಿಯರವೇ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಗದಗ ಜಿಲ್ಲೆಯ ನರಗುಂದದ ಭಾಸ್ಕರರಾವ್ ಭಾವೆಯ ಬಂಡಾಯವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. 1858ರ ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ತಲೆಯನ್ನು ನರಗುಂದಕ್ಕೆ ತಂದು ಊರಬಾಗಿಲಿಗೆ ಕಟ್ಟಿದರು. ಜೂನ್ ತಿಂಗಳಲ್ಲಿ ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನಿಶ್ಶಸ್ತ್ರೀಕರಣದ ಅವಮಾನ, ದತ್ತಕಕ್ಕೆ ಒಪ್ಪಿಗೆ ಸಿಗದ ಸಂಕಟ ಎಲ್ಲವನ್ನೂ ಒಪ್ಪಿಕೊಂಡ ಮೇಲೂ ಬಾಗಿಲಿಗೆ ಕಟ್ಟಿದ ತಲೆ ತಲೆಯೇ. ಇನ್ನೂ ಹಿಂದಕ್ಕೆ ಹೋದರೆ, ಹನ್ನೊಂದನೆಯ ಶತಮಾನದಲ್ಲಿ ಚೋಳರ ರಾಜಾಧಿರಾಜ ಚಾಲುಕ್ಯರ ಕಲ್ಯಾಣವನ್ನು ಸುಟ್ಟು, ಅಲ್ಲಿಂದ ಒಬ್ಬ ದ್ವಾರಪಾಲಕನನ್ನು ಹೊತ್ತೊಯ್ದ. ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ ಇವನು ಎಂದು ಆ ಮೂರ್ತಿಯ ಪೀಠದ ಮೇಲೆ ತಮಿಳಿನಲ್ಲಿ ಕೆತ್ತಿಸಿದ. ದಾರಾಸುರದ ದೇವಾಲಯದಲ್ಲಿದ್ದ ಆ ಮೂರ್ತಿ ಈಗ ತಂಜಾವೂರಿನ ಕಲಾ ಸಂಗ್ರಹಾಲಯದಲ್ಲಿದೆ. ಬಾಗಿಲು ಕಾಯಲೆಂದು ಕೆತ್ತಿದವನನ್ನು ಬಾಗಿಲಿನಿಂದಲೇ ಕಿತ್ತು ಒಯ್ದು ಹಣೆಪಟ್ಟಿ ಹಚ್ಚುವ ಈ ವ್ಯಂಗ್ಯವನ್ನು ಇಂದಿನ ಕಲಾವಿದ ಯೋಚಿಸಿ ಮಾಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆವು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರೆ. ಇಲ್ಲಿ ಊರು ಹಾಳು ಮಾಡಿದವನೇ ಗೌಡ.

ಇಂಥ ವಸ್ತುಗಳಿಗೆ ಎದುರು ಮಾತಾಡಿದ ಕಲಾವಿದರಿದ್ದಾರೆ. ಅಮೆರಿಕದ ಫ್ರೆಡ್ ವಿಲ್ಸನ್ 1992ರಲ್ಲಿ ಬಾಲ್ಟಿಮೋರಿನ ಇತಿಹಾಸ ಸಂಸ್ಥೆಯ ಉಗ್ರಾಣಕ್ಕೇ ಇಳಿದು, ಅಲ್ಲಿದ್ದ ವಸ್ತುಗಳನ್ನೇ ಮರುಜೋಡಿಸಿದರು. ಬೆಳ್ಳಿಯ ಕುಸುರಿ ಹೂಜಿ ಬಟ್ಟಲುಗಳ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿಯನ್ನಿಟ್ಟು, ‘ಲೋಹದ ಕೆಲಸ, 1793–1880’ ಎಂದಷ್ಟೇ ಚೀಟಿ ಹಚ್ಚಿದರು. ಎರಡೂ ಲೋಹದ ಕೆಲಸವೇ, ಒಂದೇ ನಾಡಿನವು. ಅವುಗಳನ್ನು ಬೇರೆ ಬೇರೆ ಕೋಣೆಯಲ್ಲಿಡುವ ರೂಢಿಯೇ ಸುಳ್ಳು. ಹೊಸದೇನನ್ನೂ ಮಾಡದೆ ಹೀಗೆ ಹೇಳಬಹುದೆಂಬುದು ನನಗೆ ದೊಡ್ಡ ಪಾಠ. ಬೆನಿನ್ ದೇಶದ ರೋಮುವಾಲ್ಡ್ ಹಜೂಮೆ ಎಂಬಾತ ಪೆಟ್ರೋಲ್ ಸಾಗಿಸುವ 304 ಪ್ಲಾಸ್ಟಿಕ್ ಕ್ಯಾನುಗಳನ್ನು ಕತ್ತರಿಸಿ ಮುಖವಾಡ ಮಾಡಿ, ಗುಲಾಮರ ಹಡಗಿನ ನಕಾಶೆಯಂತೆ ನೆಲದ ಮೇಲೆ ಜೋಡಿಸಿದರು. ಕ್ಯಾನಿನ ಹಿಡಿಕೆ ಮೂಗು, ಬಾಯಿ ಬಾಯಿಯೇ. ಸೀಮೆಎಣ್ಣೆಯ ಕ್ಯಾನನ್ನು ದಿನಾಲೂ ಹಿಡಿದ ನಮಗೆ ಆ ಮುಖ ಕಾಣಿಸಿರಲಿಲ್ಲ.

ಮೊಜಾಂಬಿಕ್‌ನ ಕೆಲಸವೊಂದು ಇವೆಲ್ಲಕ್ಕಿಂತ ಹತ್ತಿರದ್ದು ಅನಿಸುತ್ತದೆ. ಅಲ್ಲಿ 1992ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಒಬ್ಬ ಬಿಷಪ್ಪರ ಮುಂದಾಳತ್ವದಲ್ಲಿ, ಬಂದೂಕು ತಂದೊಪ್ಪಿಸಿದವರಿಗೆ ಗುದ್ದಲಿ, ಹೊಲಿಗೆಯಂತ್ರ, ಸೈಕಲ್ಲು ಕೊಡುವ ಯೋಜನೆ ನಡೆಯಿತು. ನಿಷ್ಕ್ರಿಯಗೊಳಿಸಿದ ಬಂದೂಕುಗಳಿಂದ ಕೆಸ್ಟರ್ ಎಂಬ ಹೆಸರಿನಿಂದ ಕೆಲಸ ಮಾಡುವ ಕ್ರಿಸ್ಟೊವಾವ್ ಕಾನ್ಯವಾಟೊ 2001ರಲ್ಲಿ ಒಂದು ಸಿಂಹಾಸನ ಕಟ್ಟಿದರು. ಆ ಬಂದೂಕುಗಳಲ್ಲಿ ಒಂದೂ ಆಫ್ರಿಕದಲ್ಲಿ ತಯಾರಾದದ್ದಲ್ಲ. ಶ್ರೀರಂಗಪಟ್ಟಣದಲ್ಲಿ ಸಿಂಹಾಸನ ಒಡೆದು ಲೋಹವಾಯಿತು, ಇಲ್ಲಿ ಲೋಹ ಕೂಡಿ ಸಿಂಹಾಸನವಾಯಿತು. ಅದೀಗ ಎಲ್ಲಿದೆ ಎಂದು ಕೇಳಿದರೆ ನಗು ಬರುತ್ತದೆ: ಬ್ರಿಟಿಷ್ ಮ್ಯೂಸಿಯಂನಲ್ಲಿ. ಹಜೂಮೆಯ ಮುಖವಾಡಗಳೂ ಅಲ್ಲಿಯೇ. ಇವನ್ನು ಕೊಂಡದ್ದು ದುಡ್ಡು ಕೊಟ್ಟು, ಕಲಾವಿದರ ಒಪ್ಪಿಗೆಯಿಂದ ಎಂಬುದು ಸಣ್ಣ ವ್ಯತ್ಯಾಸವಲ್ಲ. ಆದರೂ ಗೆದ್ದವರ ಮನೆಗೆ ಎದುರುತ್ತರ ಬರೆದು ಕಳಿಸಿದರೆ ಆ ಉತ್ತರವನ್ನೂ ಅವರು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರಲ್ಲ ಎಂಬ ಹತಾಶೆ ನನ್ನನ್ನು ಬಿಟ್ಟಿಲ್ಲ.

ಗೋಡೆಗೆ ತೂಗುಹಾಕುವ ಮಾತು ಬಂದಾಗ ಪಿಕಾಸೋನ ಗೂಳಿಯ ತಲೆಯನ್ನು ನೆನೆಯಲೇಬೇಕು. 1942ರಲ್ಲಿ, ಪ್ಯಾರಿಸ್ ಜರ್ಮನರ ಕೈಯಲ್ಲಿದ್ದಾಗ, ಆತ ಹಳೆಯ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಸೇರಿಸಿದ, ಅಷ್ಟೇ. ಬೇಟೆಗಾರನ ಮನೆಯ ಗೋಡೆಯ ಮೇಲಿನ ಪ್ರಾಣಿಯ ತಲೆ ಅದು, ಆದರೆ ಯಾವ ಪ್ರಾಣಿಯೂ ಸಾಯಲಿಲ್ಲ. (ಮೈಸೂರಿನ ವಾನ್ ಇಂಗನ್ ಕಾರ್ಖಾನೆ ಹುಲಿ ಚಿರತೆಗಳ ಚರ್ಮಕ್ಕೆ ಸಾವಿರಗಟ್ಟಲೆ ಜೀವಕಳೆ ತುಂಬಿ ಅರಮನೆ, ಬಂಗಲೆಗಳ ಗೋಡೆಗೆ ಕಳಿಸುತ್ತಿದ್ದ ಕಾಲವೂ ಅದೇ, ಬೇಟೆಗೆ ತಡೆ ಬೀಳಲು 1972ರ ಕಾಯ್ದೆ ಬರಬೇಕಾಯಿತು.) ತನ್ನ ಗೂಳಿಯನ್ನು ಯಾರಾದರೂ ತಿಪ್ಪೆಗೆ ಎಸೆದು, ಇನ್ನಾರೋ ಅದನ್ನು ಕಂಡು ತಮ್ಮ ಸೈಕಲ್ಲಿಗೆ ಒಳ್ಳೆಯ ಹ್ಯಾಂಡಲ್ ಆಯಿತೆಂದು ಒಯ್ದರೆ ಎಷ್ಟು ಚೆನ್ನ ಎಂಬರ್ಥದ ಮಾತನ್ನು ಪಿಕಾಸೋ ಆಡಿದ್ದಾನೆ. ಆಮೇಲೆ ಅದನ್ನು ಕಂಚಿನಲ್ಲಿ ಎರಕ ಹೊಯ್ಯಿಸಿದವನೂ ಅವನೇ. ಕಂಚಿನ ಹ್ಯಾಂಡಲ್ ಯಾವ ಸೈಕಲ್ಲಿಗೂ ಬಾರದು. ಗ್ರೀಕರು ಯಾಕೆ ಕಂಚನ್ನು ಒಲ್ಲೆನೆಂದರೋ ಆ ಕಾರಣಕ್ಕೆ ನಾನು ಸೀಟು-ಹ್ಯಾಂಡಲ್ಲಿನ ಮೂಲವನ್ನೇ ಮೆಚ್ಚುತ್ತೇನೆ.

ನಮ್ಮ ಸೀಮೆಯ ಹೊಲಗಳ ಬದುವಿನಲ್ಲಿ, ಗುಡಿಗಳ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡುವಾಗ ಒಂದು ಸಂಗತಿ ಹೊಳೆಯುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲೆ ಕೈಲಾಸ. ತುರು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಅವನ ಕಡೆಯವರು ಗೆದ್ದರೋ ಇಲ್ಲವೋ ಎಂಬುದು ಹಲವು ಕಲ್ಲುಗಳಲ್ಲಿ ಮುಖ್ಯವೇ ಅಲ್ಲ. ಶತ್ರುವಿನ ಕತ್ತಿಯನ್ನು ತಂದು ಅಲ್ಲಿ ನೆಟ್ಟಿಲ್ಲ. ಇನ್ನು ಹಾವೇರಿ ಕಡೆಯ ಹೋರಿ ಹಬ್ಬ. ದೀಪಾವಳಿಯ ನಂತರ ಕೊಬ್ಬರಿಯ ಹಾರ ಕಟ್ಟಿ ಬಿಟ್ಟ ಹೋರಿಯ ಮೈಯಿಂದ ಹುಡುಗರು ಕೊಬ್ಬರಿ ಹರಿಯಬೇಕು. ಅದರಲ್ಲಿ ಜನಕ್ಕೂ ದನಕ್ಕೂ ಆಗುವ ಪೆಟ್ಟು, ಸಾವುಗಳ ಬಗ್ಗೆ ನನಗೆ ತಕರಾರಿದೆ. ಈಗ ಬೈಕು, ತಿಜೋರಿ, ಆಳೆತ್ತರದ ಕಪ್ಪುಗಳೂ ಬಂದಿವೆ. ಆದರೆ ಮೂಲದ ಆಟದಲ್ಲಿ ಗೆದ್ದವನ ಕೈಗೆ ಬರುವುದು ಒಂದು ಬಟ್ಟಲು ಕೊಬ್ಬರಿ. ಆ ಬಟ್ಟಲು ಸೋರುವುದಿಲ್ಲ, ಅದನ್ನು ಗಾಜಿನ ಕಪಾಟಿನಲ್ಲಿ ಇಡಲೂ ಆಗುವುದಿಲ್ಲ, ಬೆಲ್ಲದ ಜೊತೆ ತಿಂದು ಮುಗಿಸಬೇಕು.

ನನ್ನ ಶೆಡ್ಡಿನ ಗೋಡೆಯ ಮೇಲೂ ಒಂದು ತಲೆ ಇತ್ತು. ಗುಜರಿಯ ಶೀಲ್ಡೊಂದರ ಮರದ ಹಲಗೆಯನ್ನು ಹಿನ್ನೆಲೆಯಾಗಿಟ್ಟು, ಮುರಿದ ನೊಗದ ಎರಡು ತುಂಡುಗಳನ್ನು ಕೊಂಬಾಗಿಸಿ, ನಡುವೆ ಮುಖದ ಜಾಗದಲ್ಲಿ ಒಂದು ಕೂರಿಗೆಯ ಬಟ್ಟಲನ್ನು ಬೋಲ್ಟು ಹಾಕಿ ಕೂರಿಸಿದ್ದೆ. ಕೂರಿಗೆಯ ಬಟ್ಟಲೆಂದರೆ ಬಿತ್ತುವಾಗ ಹೆಣ್ಣುಮಕ್ಕಳು ಹಿಂದೆ ನಡೆಯುತ್ತ ಕಾಳು ಬಿಡುವ ಮರದ ಬಟ್ಟಲು. ಅದರ ತಳದ ತೂತುಗಳಿಂದ ಕಾಳು ಬಿದಿರಿನ ಕೊಳವೆಗಳಿಗೆ ಇಳಿದು ಮಣ್ಣು ಸೇರುತ್ತದೆ. ನನ್ನ ಬಟ್ಟಲಿಗೆ ನಾಲ್ಕು ತೂತುಗಳಿದ್ದವು. ಗೋಡೆಯ ಮೇಲೆ ಅವು ಎರಡು ಕಣ್ಣು, ಎರಡು ಮೂಗಿನ ಹೊಳ್ಳೆಗಳಾದವು. ಕೆಳಗೆ ಕಪ್ಪೊಂದರಿಂದ ಬಿಚ್ಚಿದ ‘ಪ್ರಥಮ ಸ್ಥಾನ’ ಎಂಬ ತಗಡು. ಟ್ರ್ಯಾಕ್ಟರು ಬೇಟೆಯಾಡಿದ ಪ್ರಾಣಿ ಎಂಬುದು ನನ್ನ ಕಲ್ಪನೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಹಿಡಿದಿಟ್ಟಿದ್ದನ್ನು ನೋಡಿ ಬಂದ ಮೇಲೆ, ಹೋದದ್ದನ್ನು ಇದ್ದಂತೆ ತೋರಿಸುವುದಕ್ಕಿಂತ ಹೋದದ್ದನ್ನು ಹೋದದ್ದೆಂದೇ ತೋರಿಸಬೇಕೆಂಬ ಹಟ ನನಗೆ ಬಂದಿತ್ತು. ಕೆಲಸ ಚೆನ್ನಾಗಿದೆಯೆಂದು ಕಲಾವಿದ ಗೆಳೆಯರು ಹೇಳಿದರು, ನಾನೂ ಹಾಗೆಯೇ ತಿಳಿದಿದ್ದೆ.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಮನೆಗೆ ಪ್ರತಿವರ್ಷ ಜೋಳ ತಂದುಕೊಡುವ ನವಲಗುಂದ ಕಡೆಯ ಹಿರಿಯ ರೈತರೊಬ್ಬರು ಬಂದಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಚಹಾ ಕುಡಿದು ಹಿತ್ತಿಲಿಗೆ ಕೈತೊಳೆಯಲು ಹೋದವರು ಶೆಡ್ಡಿನ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ನಾನು ಪಕ್ಕಕ್ಕೆ ಹೋಗಿ, ಅರ್ಥ ಬಿಡಿಸಿ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವರೇ ಕೇಳಿದರು:

“ಮಾಸ್ತರ್ರ, ಇದು ಕೂರಿಗಿ ಬಟ್ಟಲ ಅಲ್ಲೇನ್ರಿ? ಇದನ್ಯಾಕ ಗ್ವಾಡಿಗೆ ಹೊಡದೀರಿ?”

“ಈಗ ಯಾರೂ ಬಳಸೂದಿಲ್ಲಲ್ಲ ಕಾಕಾ, ಅದಕ್ಕ...”

“ಯಾರ ಹೇಳಿದ್ರು?” ಎಂದು ಅವರು ಹತ್ತಿರ ಹೋಗಿ ಬಟ್ಟಲಿನ ಅಂಚಿಗೆ ಬೆರಳು ಆಡಿಸಿದರು. ಪ್ರತಿ ತೂತಿಗೂ ಕಿರುಬೆರಳು ಹಾಕಿ ತಿರುಗಿಸಿದರು, ಗೂಳಿಯ ಕಣ್ಣಿಗೆ ಬೆರಳು ಹಾಕಿದಂತೆ ಕಂಡು ನನಗೆ ಮೈ ಜುಮ್ಮೆಂದಿತು. “ಜಾಲಿ ಕಟಿಗಿ. ಒಂದೂ ಬಿರಕಿಲ್ಲ. ನಮ್ಮದು ಹ್ವಾದ ವರ್ಷ ಸೀಳೇತಿ. ನಾಲ್ಕೆಕರೆಕ್ಕ ಟ್ರ್ಯಾಕ್ಟರ್ ಕರದ್ರ ಬಾಡಿಗಿ ಎಷ್ಟ ಕೇಳತಾನ ಗೊತ್ತೈತೇನ್ರಿ? ಹಿಂಗಾರಿ ಬಿತ್ತಿಗಿ ಬಂತು.”

ಅವರು ಬೇಡಲಿಲ್ಲ, ನಾನು ಕೊಡುತ್ತೇನೆಂದೂ ತಕ್ಷಣ ಹೇಳಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತಿದ್ದೆವು. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಓಡಿದ್ದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ: ಮುಂದಿನ ತಿಂಗಳು ಒಂದು ಪ್ರದರ್ಶನಕ್ಕೆ ಇದನ್ನು ಕೊಡುವ ಮಾತಿತ್ತು, ಅಂಥದೇ ಬಟ್ಟಲು ಮತ್ತೆ ಸಿಗುವುದು ಕಷ್ಟ, ಕಾಕಾಗೆ ಬೇರೆ ಹೊಸದನ್ನು ಮಾಡಿಸಿಕೊಟ್ಟರಾಗದೇ ಎಂದೆಲ್ಲ ಲೆಕ್ಕ ಹಾಕಿದೆ. ಪ್ರೈಜ್ ಏಜೆಂಟನ ಲೆಕ್ಕವೇ. ಆಮೇಲೆ ಹದಿನಾಲ್ಕನೇ ನಂಬರಿನ ಪಾನಾ ತಂದೆ. ಬೋಲ್ಟು ತುಕ್ಕು ಹಿಡಿದು ಬಿಗಿದಿತ್ತು. ಕಾಕಾ ಹಲಗೆ ಹಿಡಿದರು, ನಾನು ತಿರುಗಿಸಿದೆ. ಬೋಲ್ಟಿಗೆಂದು ನಾನು ಕೊರೆದ ಐದನೆಯ ತೂತನ್ನು ಅವರು ಬೆಳಕಿಗೆ ಹಿಡಿದು ನೋಡಿ, “ಇದಕ್ಕ ಒಂದು ಬೆಣಿ ಹೊಡೀಬೇಕು” ಎಂದರು. ಮತ್ತೇನೂ ಅನ್ನಲಿಲ್ಲ. ಬಟ್ಟಲನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ನವಲಗುಂದದ ಬಸ್ಸು ಹಿಡಿದರು.

ಪ್ರದರ್ಶನಕ್ಕೆ ಜಿನ್ನಿನ ಪದಕವೊಂದನ್ನೇ ಕಳಿಸಿದೆ. ಗೋಡೆಯ ಮೇಲೆ ಹಲಗೆಯೂ ಎರಡು ಕೊಂಬುಗಳೂ ‘ಪ್ರಥಮ ಸ್ಥಾನ’ವೂ ಹಾಗೆಯೇ ಇವೆ, ನಡುವೆ ಬಿಸಿಲಿಗೆ ಬಣ್ಣ ಮಾಸದ ಒಂದು ದುಂಡನೆಯ ಕಲೆ ಉಳಿದಿದೆ. ಫೆಬ್ರವರಿಯಲ್ಲಿ ಕಾಕಾ ಜೋಳದ ಚೀಲದೊಡನೆ ಬಂದಾಗ ಬಟ್ಟಲಿನ ಬಗ್ಗೆ ನಾನಾಗಿ ಕೇಳಲಿಲ್ಲ. ಚಹಾ ಕುಡಿಯುತ್ತ ಅವರೇ ಹೇಳಿದರು: “ನಿಮ್ಮ ತೂತಿನ ಬೆಣಿ ಎರಡ ಸಲ ಬಿಚ್ಚಿ ಬಿತ್ತು ನೋಡ್ರಿ. ಒಂದು ಸಾಲು ಅಡ್ಡಾದಿಡ್ಡಿ ಎದ್ದೈತಿ.”